ಹರಿದ ಸೀರೆ, ಒಡೆದ ಟೈಲ್ಸ್, ಖಾಲಿ ಡಬ್ಬ

ಉತ್ತರ ಕರ್ನಾಟಕದ ಹಳ್ಳಿಮನೆಗಳಲ್ಲಿ ಹತ್ತಿ ಸೀರೆಯೊಂದು ಬಹಳ ವರ್ಷ ಬಾಳುತ್ತದೆ. ಮೊದಲು ಹಬ್ಬ ಹುಣ್ಣಿಮೆಗೆ, ಆಮೇಲೆ ಮನೆಯಲ್ಲಿ ಉಡಲು, ಅದಾದ ಮೇಲೆ ಹೊಲಕ್ಕೆ ಹೋಗುವಾಗ. ನಡು ಸವೆದು ಜಾಳಾದ ಮೇಲೂ ಅದರ ಸೇವೆ ಮುಗಿಯುವುದಿಲ್ಲ. ಗಟ್ಟಿಯಿರುವ ತುಂಡು ಕೂಸಿಗೆ ಕುಂಚಿಗೆಯಾಗುತ್ತದೆ, ಮೆತ್ತಗಿನ ತುಂಡು ತೊಟ್ಟಿಲಿನ ಹಾಸಾಗುತ್ತದೆ, ಮಿಕ್ಕಿದ್ದು ಗಂಟಿನೊಳಗೆ ಸೇರಿ ಮೂಲೆ ಹಿಡಿಯುತ್ತದೆ. ಗಂಟು ದೊಡ್ಡದಾದ ವರ್ಷ, ಹೊಲದ ಕೆಲಸ ಕಡಿಮೆಯಿರುವ ಬೇಸಿಗೆಯಲ್ಲಿ, ಅದನ್ನು ಬಿಚ್ಚಿ ಕೌದಿ ಹೊಲಿಯುತ್ತಾರೆ.

ಮನೆಯಲ್ಲಿ ಬಿದ್ದಿರುವ ವಸ್ತುಗಳಿಂದಲೇ ಮನೆ ಸಿಂಗರಿಸುವ ಹವ್ಯಾಸ ಈಗ ಮೊಬೈಲ್ ವಿಡಿಯೊಗಳ ಮೂಲಕ ಎಲ್ಲ ಕಡೆ ಹಬ್ಬಿದೆ. ‘ಕಸದಿಂದ ರಸ’ ಎಂದು ಹುಡುಕಿದರೆ ಸಾಕು, ಬಣ್ಣ ಬಳಿದ ಬಾಟಲಿ, ದಾರ ಸುತ್ತಿದ ಡಬ್ಬ, ಮದುವೆ ಕರೆಯೋಲೆಯ ಹೂಗಳು ಸಾಲುಗಟ್ಟುತ್ತವೆ. ಕೈ ಆಡಿಸುವ ಖುಷಿ ದೊಡ್ಡದು, ಅದನ್ನು ಹಳಿಯಬೇಕಾಗಿಲ್ಲ. ಆದರೆ ಹೀಗೆ ಮಾಡಿದ ಎಷ್ಟೋ ವಸ್ತುಗಳು ಕೆಲವೇ ತಿಂಗಳಲ್ಲಿ ದೂಳು ಹಿಡಿದು ಮತ್ತೆ ಕಸದ ಬುಟ್ಟಿಗೇ ಹೋಗುತ್ತವೆ. ಹಳೆಯದೊಂದನ್ನು ಉಳಿಸಲು ಹೊಸ ಬಣ್ಣ, ಹೊಸ ಅಂಟು, ಹೊಸ ಪ್ಲಾಸ್ಟಿಕ್ ಹೂ ಕೊಂಡದ್ದೇ ಲಾಭವಾಗಿರುತ್ತದೆ. ಗಾಜಿನ ಬಾಟಲಿಯನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಹೊಸ ಬಾಟಲಿ ಮಾಡಬಹುದು. ಅದಕ್ಕೆ ಅಂಟು, ಮಿನುಗುಪುಡಿ, ಮಣಿ ಎಲ್ಲ ಮೆತ್ತಿದ ಮೇಲೆ ಗುಜರಿಯವರೂ ಕೈಗೆತ್ತಿಕೊಳ್ಳುವುದಿಲ್ಲ.

ಕೌದಿ ಹೊಲಿಯುವ ಹೆಂಗಸರು ಕೆಲಸ ಶುರು ಮಾಡುವ ರೀತಿಯೇ ಬೇರೆ. ಗಂಟು ಬಿಚ್ಚಿ, ಒಂದೊಂದೇ ಬಟ್ಟೆಯನ್ನು ಬೆಳಕಿಗೆ ಹಿಡಿದು, ಎರಡೂ ಕೈಯಿಂದ ಎಳೆದು ನೋಡುತ್ತಾರೆ. ಬಟ್ಟೆಯಲ್ಲಿ ಇನ್ನೆಷ್ಟು ತ್ರಾಣ ಉಳಿದಿದೆ ಎಂಬುದರ ಮೇಲೆ ಅದು ಒಳಪದರಕ್ಕೋ ಮೇಲಕ್ಕೋ ಅಂಚಿಗೋ ಎಂಬುದು ತೀರ್ಮಾನವಾಗುತ್ತದೆ. ಗಾಜು, ತಗಡು, ಮರ, ಟೈಲ್ಸ್ ಯಾವುದನ್ನೇ ಮರುಬಳಕೆಗೆ ಎತ್ತಿಕೊಂಡರೂ ಈ ವಿವೇಕ ಬೇಕು. ಏನು ಮಾಡೋಣ ಎಂದು ಯೋಚಿಸುವ ಮುಂಚೆ ಕೈಯಲ್ಲಿರುವುದು ಏನು ಎಂದು ತಿಳಿದಿರಬೇಕು.

ಕೌದಿಯ ಒಳಗೆ ತೀರ ಸವೆದ ಸೀರೆ, ಧೋತರಗಳು ಪದರ ಪದರವಾಗಿ ಹೋಗುತ್ತವೆ. ಮೇಲ್ಮೈಗೆ ಬಣ್ಣ ಉಳಿದಿರುವ, ಗಟ್ಟಿಯಾದ ಬಟ್ಟೆ. ಸುತ್ತಲೂ ಬೇರೆ ಬಣ್ಣದ ಪಟ್ಟಿ, ಏಕೆಂದರೆ ಎಳೆದಾಡುವಾಗ ಮೊದಲು ಹರಿಯುವುದು ಅಂಚೇ. ಆಮೇಲೆ ದಪ್ಪ ದಾರ ಪೋಣಿಸಿದ ಸೂಜಿಯಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆರಳಗಲ ಬಿಟ್ಟು ಬಿಟ್ಟು ಸಾದಾ ಹೊಲಿಗೆಯ ಸಾಲುಗಳು. ನೋಡಲು ಅದೇ ಅಲಂಕಾರ, ಆದರೆ ಅದರ ಮುಖ್ಯ ಕೆಲಸ ಒಳಗಿನ ಪದರಗಳು ಸರಿದು ಮುದ್ದೆಯಾಗದಂತೆ ಹಿಡಿದಿಡುವುದು. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಚಳಿಗಾಲದಲ್ಲಿ ಬೆಚ್ಚಗಿಡುತ್ತದೆ. ಹಲವು ಸಲ ಒಗೆದು ಮೆತ್ತಗಾದ ಹತ್ತಿಯ ಹಿತ ಹೊಸ ಬಟ್ಟೆಗೆ ಬರುವುದಿಲ್ಲ, ಕೂಸುಗಳಿಗೆ ಹಳೆಯ ಬಟ್ಟೆಯ ಕೌದಿಯನ್ನೇ ಹಾಸುವುದು ಅದಕ್ಕೆ. ಮನೆಯವರೇ ಹೊಲಿಯುವುದುಂಟು. ಊರೂರು ತಿರುಗುತ್ತ ಕೌದಿ ಹೊಲಿದುಕೊಡುವ ಹೆಂಗಸರಿಗೆ ಕಾಳು ಕಡಿ, ದುಡ್ಡು ಕೊಟ್ಟು ಹೊಲಿಸುವುದೂ ಉಂಟು. ದಸರೆಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೋ ಹೊಳೆಗೋ ಒಯ್ದು ಒಗೆಯುವಾಗ, ದಡದ ಬಂಡೆಗಳ ಮೇಲೆಲ್ಲ ಕೌದಿಗಳೇ ಹರಡಿರುತ್ತವೆ.

ಇದೇ ಕಲೆ ಉತ್ತರ ಕನ್ನಡದ ಕಾಡಿನ ಅಂಚಿನಲ್ಲಿ ಇನ್ನೊಂದು ರೂಪ ಪಡೆದಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಹೊದಿಕೆಗೆ ಕವಂದಿ ಎನ್ನುತ್ತಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ತರಲಾದವರ ವಂಶಸ್ಥರು ಸಿದ್ದಿಗಳು. ಪೋರ್ಚುಗೀಸರ ಗೋವಾದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರೂ ಅವರ ಹಿರಿಯರಲ್ಲಿದ್ದಾರೆ. ಕವಂದಿಯ ಕ್ರಮ ಗಮನಿಸುವಂಥದ್ದು. ಅಡಿಗೆ ಒಂದು ಹಳೆಯ ಸೀರೆ ಹಾಸಿ, ಒಂದು ಮೂಲೆಯಲ್ಲಿ ಮೊದಲ ತುಂಡನ್ನಿಟ್ಟು, ಅದರ ಅಂಚನ್ನು ಹೆಬ್ಬೆರಳಿನಿಂದ ಒಳಕ್ಕೆ ಮಡಿಚಿ ಹೊಲಿಗೆ ಹಾಕುತ್ತಾರೆ. ಅದರ ಪಕ್ಕಕ್ಕೆ ಇನ್ನೊಂದು ತುಂಡು. ಹೀಗೆ ಅಂಚಿನ ಗುಂಟ ಸುತ್ತು ಹಾಕುತ್ತ ಹಾಕುತ್ತ ನಡುಮಧ್ಯಕ್ಕೆ ಬಂದು ಮುಟ್ಟುವ ಹೊತ್ತಿಗೆ ಹೊದಿಕೆ ಸಿದ್ಧ. ಮೊದಲೇ ಬರೆದಿಟ್ಟ ನಕ್ಷೆ ಇಲ್ಲ. ಕೆಂಪು ತುಂಡಿನ ಪಕ್ಕ ಹಳದಿಯೋ ನೀಲಿಯೋ ಎಂಬುದು ಆ ಕ್ಷಣಕ್ಕೆ ಕೈಗೆ ಸಿಕ್ಕ ಬಟ್ಟೆಯನ್ನೂ ಹೊಲಿಯುವವಳ ಕಣ್ಣನ್ನೂ ಅವಲಂಬಿಸಿದ್ದು. ಕೊನೆಗೆ ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ತ್ರಿಕೋನ, ಅದಕ್ಕೆ ಫುಲಾ ಎಂದು ಹೆಸರು. ಫುಲಾ ಇಲ್ಲದ ಕವಂದಿ ಪೂರ್ತಿಯಾದಂತಲ್ಲ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಈ ಹೊದಿಕೆಗಳನ್ನು ಅಧ್ಯಯನ ಮಾಡಿದರು. 2004ರಲ್ಲಿ ಸಿದ್ದಿ ಹೆಂಗಸರ ಕವಂದಿ ಸಹಕಾರ ಸಂಘ ರೂಪುಗೊಳ್ಳಲೂ ಅವರು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಮಳೆಗಾಲದ ಚಳಿಗೆ ಮಕ್ಕಳಿಗೆ ಹೊದಿಸಲೆಂದು ಹೊಲಿದದ್ದು ಗೋಡೆಯ ಮೇಲೆ ಕಲೆಯಾಗಿ ತೂಗಿತು. ಆ ಗೌರವ ಅದಕ್ಕೆ ನ್ಯಾಯವಾಗಿಯೇ ಸಲ್ಲಬೇಕಾದದ್ದು.

ನಗರದ ಮನೆಗಳಲ್ಲೂ ಈಗ ಕೌದಿ ಸೋಫಾದ ಬೆನ್ನಿಗೆ, ಮಂಚದ ಕಾಲಬದಿಗೆ, ಗೋಡೆಗೆ ಬರುತ್ತಿದೆ. ಗೋಡೆಗೆ ತೂಗುಹಾಕುವವರು ಮಾಡುವ ದೊಡ್ಡ ತಪ್ಪೆಂದರೆ ಮೇಲಿನ ಎರಡು ಮೂಲೆಗೆ ಮೊಳೆ ಹೊಡೆಯುವುದು. ಕೌದಿಯ ಭಾರವೆಲ್ಲ ಆ ಎರಡು ಬಿಂದುಗಳ ಮೇಲೆ ಬಿದ್ದು ಬಟ್ಟೆ ಅಲ್ಲೇ ಸೀಳುತ್ತದೆ. ಹಿಂಭಾಗದಲ್ಲಿ ಮೇಲಂಚಿನ ಉದ್ದಕ್ಕೂ ಒಂದು ಬಟ್ಟೆಯ ಪಟ್ಟಿಯನ್ನು ಕೊಳವೆಯಂತೆ ಹೊಲಿದು, ಅದರೊಳಗೆ ಪರದೆಯ ಸರಳು ತೂರಿಸಿದರೆ ಭಾರ ಸಮನಾಗಿ ಹಂಚಿಹೋಗುತ್ತದೆ. ಬಿಸಿಲು ನೇರ ಬೀಳುವ ಗೋಡೆ ಬೇಡ, ಬಣ್ಣ ಬೇಗ ಮಾಸುತ್ತದೆ.

ಕೈಯಲ್ಲಿರುವ ಬಟ್ಟೆ ಯಾವುದೆಂದು ಗೊತ್ತಾಗದಿದ್ದರೆ ದರ್ಜಿಗಳ ಹಳೆಯ ಪರೀಕ್ಷೆಯೊಂದಿದೆ. ಒಂದೆರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿಗೆ ಒಡ್ಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಹಗುರ ಬೂದಿ ಉಳಿಯುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ನೀರು ಹೀರದ ಪಾಲಿಯೆಸ್ಟರ್ ಕಾಲೊರಸಿಗೂ ಅಡುಗೆಮನೆಯ ಮಸಿಬಟ್ಟೆಗೂ ಬಾರದು, ಆದರೆ ಪರದೆಗೆ, ಚೀಲಕ್ಕೆ, ಜಡೆ ಹೆಣೆದಂತೆ ಹೆಣೆದು ಸುರುಳಿ ಸುತ್ತಿ ಹೊಲಿದ ಚಾಪೆಗೆ ಚೆನ್ನಾಗಿ ಒದಗುತ್ತದೆ.

ರೇಷ್ಮೆ ಸೀರೆಯ ವಿಷಯ ಸ್ವಲ್ಪ ನಾಜೂಕು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬೀರುವಿನಲ್ಲಿಟ್ಟ ಸೀರೆ ಆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಅಂಥದ್ದನ್ನು ದಿಂಬಿನ ಕವರ್ ಮಾಡಿದರೆ ನಾಲ್ಕು ದಿನಕ್ಕೆ ಚಿಂದಿ. ಸೆರಗು ಮಾತ್ರ ಚೆನ್ನಾಗಿದ್ದರೆ ಅದನ್ನು ಬಿಳಿಯ ಹತ್ತಿ ಬಟ್ಟೆಗೆ ಸಣ್ಣ ಹೊಲಿಗೆ ಹಾಕಿ ಕೂರಿಸಿ, ಚೌಕಟ್ಟು ಹಾಕಿಸಬಹುದು. ಅಂಟು ಹಚ್ಚಕೂಡದು, ಅದು ಬಟ್ಟೆಯನ್ನು ಬಿರುಸು ಮಾಡಿ ಕಲೆ ಬಿಡುತ್ತದೆ. ಗಾಜು ಬಟ್ಟೆಗೆ ತಾಗದಂತೆ ನಡುವೆ ಸ್ವಲ್ಪ ಸಂದು ಬಿಡುವಂತೆ ಚೌಕಟ್ಟಿನವರಿಗೆ ಹೇಳಬೇಕು. ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಒಳಗೆ ಬೂಷ್ಟು ಹಿಡಿಯುತ್ತದೆ. ಕತ್ತರಿ ಹಾಕುವ ಮುಂಚೆ ಜರಿಯನ್ನೂ ವಿಚಾರಿಸುವುದು ಒಳ್ಳೆಯದು. ಮೈಸೂರಿನ ಸರ್ಕಾರಿ ರೇಷ್ಮೆ ಕಾರ್ಖಾನೆ ತನ್ನ ಸೀರೆಗಳಿಗೆ ಬಳಸುವ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಹಳೆಯ ಜರಿ ಸೀರೆ ಕೊಳ್ಳುವವರು ಬೀದಿ ಬೀದಿ ತಿರುಗುವುದು ಸುಮ್ಮನೆ ಅಲ್ಲ.

ಗುಳೇದಗುಡ್ಡದ ಖಣದ ತುಂಡುಗಳಿಗೆ ಇಷ್ಟೆಲ್ಲ ಯೋಚನೆ ಬೇಡ. ಕುಪ್ಪಸ ಹೊಲಿದು ಉಳಿದ ಅಂಗೈಯಗಲದ ಚೂರುಗಳನ್ನು ದರ್ಜಿಯ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ತ್ರಿಕೋನ ಮಡಿಚಿ ಒಂದು ಪಟ್ಟಿಗೆ ಸಾಲಾಗಿ ಹೊಲಿದರೆ ಬಾಗಿಲಿಗೆ ವರ್ಷವಿಡೀ ಬಾಡದ ತೋರಣ. ಈ ಬಟ್ಟೆಯ ನೇಯ್ಗೆಯಲ್ಲೇ ಚಿತ್ತಾರವಿರುವುದರಿಂದ ಮೇಲೆ ಇನ್ನೇನೂ ಅಂಟಿಸಬೇಕಾಗಿಲ್ಲ.

ಬಟ್ಟೆಯಷ್ಟೇ ಹಳೆಯ ನಂಟು ಖಾಲಿ ಎಣ್ಣೆ ಡಬ್ಬದ್ದು. ಅಂಗಳವಿಲ್ಲದ ಪೇಟೆಯ ಮನೆಗಳಲ್ಲಿ ತುಳಸಿ, ದೊಡ್ಡಪತ್ರೆ, ಕರಿಬೇವು ಬೆಳೆದದ್ದೇ ಈ ಡಬ್ಬಗಳಲ್ಲಿ. ಡಬ್ಬವನ್ನು ಬಿಸಿನೀರು, ಸೋಡಾಪುಡಿಯಿಂದ ಜಿಡ್ಡು ಹೋಗುವಂತೆ ತೊಳೆದು, ತಳಕ್ಕೆ ಒಳಗಿನಿಂದ ಹೊರಕ್ಕೆ ಮೊಳೆ ಹೊಡೆದು ಐದಾರು ತೂತು ಮಾಡಬೇಕು. ಹೊರಗಿನಿಂದ ಹೊಡೆದರೆ ತೂತಿನ ಸುತ್ತ ತಗಡು ಒಳಕ್ಕೆ ಎದ್ದು ನೀರು ಅಲ್ಲೇ ನಿಲ್ಲುತ್ತದೆ. ಹೊರಗೆ ರೆಡ್ ಆಕ್ಸೈಡ್ ಒಂದು ಕೈ, ಅದರ ಮೇಲೆ ತಿಳಿಬಣ್ಣ. ಗಾಢ ಬಣ್ಣ ಬಿಸಿಲು ಹೀರಿ ಬೇರನ್ನು ಬೇಯಿಸುತ್ತದೆ. ಸುತ್ತಲೂ ಗೋಣಿತಾಟು ಸುತ್ತಿ ಹುರಿ ಕಟ್ಟಿದರೆ ಅಂದವೂ ಆಯಿತು, ಬೇಸಿಗೆಯ ಕಾವೂ ತಗ್ಗಿತು. ಡಬ್ಬವನ್ನು ಎರಡು ಇಟ್ಟಿಗೆಯ ಮೇಲೆ ಎತ್ತರಿಸಿಟ್ಟರೆ ತಳ ಬೇಗ ತುಕ್ಕು ಹಿಡಿಯುವುದಿಲ್ಲ.

ಗಾಜಿನ ಬಾಟಲಿಗೆ ಬಣ್ಣ ಬಳಿಯದೆ ಇದ್ದರೇ ಅದರ ಚೆಲುವು ಹೆಚ್ಚು. ಕಂದು, ಹಸಿರು, ನೀಲಿ ಬಾಟಲಿಗಳನ್ನು ಕಿಟಕಿಯ ಪಡಿಯಲ್ಲಿ ಸಾಲಾಗಿ ಇಟ್ಟರೆ ಬೆಳಗಿನ ಬಿಸಿಲು ಅವುಗಳೊಳಗಿಂದ ಹಾದು ನೆಲಕ್ಕೆ ಬಣ್ಣ ಚೆಲ್ಲುತ್ತದೆ. ತಿರುವನಂತಪುರದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ತಮ್ಮ ಸ್ವಂತ ಮನೆ ‘ದಿ ಹ್ಯಾಮ್ಲೆಟ್’ನ ಗೋಡೆಯಲ್ಲೇ ಬಣ್ಣದ ಬಾಟಲಿಗಳನ್ನು ಕೂರಿಸಿದ್ದರು. ಬೇಡವಾದ ಮಂಗಳೂರು ಹೆಂಚುಗಳನ್ನು ತಾರಸಿಯ ಕಾಂಕ್ರೀಟಿನ ನಡುವೆ ತುಂಬಿ ಸಿಮೆಂಟು, ಕಬ್ಬಿಣ ಎರಡನ್ನೂ ಉಳಿಸುವ ವಿಧಾನವನ್ನು ಜನಪ್ರಿಯಗೊಳಿಸಿದವರೂ ಅವರೇ. ಗಾರೆ ಮಾಡದೆ ಬಿಟ್ಟ ಆ ಚಾವಣಿಯನ್ನು ಕೆಳಗಿನಿಂದ ನೋಡಿದರೆ ಹೆಂಚುಗಳ ಸಾಲೇ ಚಿತ್ತಾರ. ಕರ್ನಾಟಕದಲ್ಲೂ ಈ ಬಗೆಯ ಚಾವಣಿಯ ಮನೆಗಳು ಎದ್ದಿವೆ.

ಬಾಟಲಿಗೆ ಸೀಮೆಎಣ್ಣೆಯ ದಾರ ಸುತ್ತಿ, ಬೆಂಕಿ ಹಚ್ಚಿ, ತಣ್ಣೀರಿಗೆ ಅದ್ದಿ ಕತ್ತರಿಸುವ ವಿಡಿಯೊಗಳನ್ನು ಮಕ್ಕಳಿರುವ ಮನೆಯಲ್ಲಿ ದೂರವೇ ಇಡಬೇಕು. ಗಾಜು ನೇರವಾಗಿ ಸೀಳುವ ಭರವಸೆಯಿಲ್ಲ, ಸೀಳಿದರೂ ಅಂಚು ಕ್ಷೌರದ ಬ್ಲೇಡಿನಷ್ಟು ಹರಿತ. ನೀರು ಹಾಕಿಕೊಂಡು ವಾಟರ್ ಪೇಪರಿನಲ್ಲಿ ಬಹಳ ಹೊತ್ತು ಉಜ್ಜಿದರೆ ಮಾತ್ರ ಮುಟ್ಟಲು ಯೋಗ್ಯವಾಗುತ್ತದೆ. ಒಣಗಿದ್ದಾಗ ಉಜ್ಜಿದರೆ ಗಾಜಿನ ದೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಕೆಟ್ಟ ಸಿಎಫ್ಎಲ್ ಬಲ್ಬು, ಟ್ಯೂಬ್‌ಲೈಟ್‌ಗಳಿಂದ ಏನನ್ನೂ ಮಾಡಕೂಡದು, ಅವುಗಳೊಳಗೆ ಪಾದರಸವಿದೆ.

ಬಾಟಲಿಯಲ್ಲಿ ಮನಿಪ್ಲಾಂಟ್ ಬೆಳೆಸುವವರು ಇನ್ನೊಂದು ಸಂಗತಿ ಮರೆಯಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಷ್ಟವಾದದ್ದು ಮನೆಯೊಳಗಿನ, ಮನೆಯ ಸುತ್ತಲಿನ ಇಂಥ ತಿಳಿನೀರೇ. ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ಮೊಟ್ಟೆಗಳು ನೀರಿನ ಮಟ್ಟದ ಬಳಿ ಪಾತ್ರೆಯ ಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಹೀಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿದರಷ್ಟೇ ಸಾಲದು, ಬಾಟಲಿಯ ಒಳಗೋಡೆಯನ್ನು ಬ್ರಷ್ ಹಾಕಿ ತಿಕ್ಕಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದನ್ನು ನೆನೆದರೆ, ಬಣ್ಣ ಬಳಿದ ಟೈರುಗಳನ್ನು ಹಿತ್ತಲಲ್ಲಿ ಹೂಕುಂಡವಾಗಿ ಇಡುವುದರಲ್ಲಿ ಜಾಣತನ ಕಾಣುವುದಿಲ್ಲ. ಟೈರಿನ ಒಳಸುತ್ತಿನಲ್ಲಿ ನಿಂತ ನೀರನ್ನು ಪೂರ್ತಿ ತೆಗೆಯುವುದು ಕಷ್ಟ.

ಒಡೆದ ಟೈಲ್ಸಿಗೆ ಮಾತ್ರ ಜಗತ್ತಿನಾದ್ಯಂತ ದೊಡ್ಡ ಮರ್ಯಾದೆಯಿದೆ. ಬಾರ್ಸಿಲೋನಾದ ಪಾರ್ಕ್ ಗುಯೆಲ್‌ನಲ್ಲಿ ವಾಸ್ತುಶಿಲ್ಪಿ ಆಂಟೋನಿ ಗೌಡಿ ಮತ್ತು ಅವರ ಸಹೋದ್ಯೋಗಿ ಜುಸೆಪ್ ಮರಿಯಾ ಜುಜೋಲ್ ಮಾಡಿದ ಹಾವಿನಂತೆ ಬಳುಕುವ ಉದ್ದನೆಯ ಆಸನದ ಮೈತುಂಬ ಒಡೆದ ಪಿಂಗಾಣಿ ಚೂರುಗಳೇ. ಬಳುಕುವ ಮೈಗೆ ಚೌಕಾಕಾರದ ಇಡೀ ಟೈಲ್ಸ್ ಹೊಂದುವುದಿಲ್ಲ, ಚೂರಾದರೆ ಎಲ್ಲಿ ಬೇಕಾದರೂ ಒಗ್ಗುತ್ತದೆ. ಅಹಮದಾಬಾದಿನಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿ 1980ರ ಸುಮಾರಿಗೆ ಕಟ್ಟಿದ ತಮ್ಮ ಕಚೇರಿ ‘ಸಂಗಾತ್’ನ ಕಮಾನು ಚಾವಣಿಗೆ ಬಿಳಿಯ ಪಿಂಗಾಣಿ ಚೂರು ಹೊದಿಸಿದರು, ಅದು ಬಿಸಿಲನ್ನು ಹಿಂದಕ್ಕೆ ಎಸೆದು ಒಳಗನ್ನು ತಂಪಾಗಿಡುತ್ತದೆ. ಇನ್ನು ಚಂಡೀಗಢದ ನೇಕ್ ಚಂದ್. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ಅವರು ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷ, ಒಡೆದ ಬಳೆ, ಪಿಂಗಾಣಿ, ಸ್ವಿಚ್ಚುಗಳನ್ನು ಹೊತ್ತು ತಂದು, ಸರ್ಕಾರಿ ಕಾಡಿನಲ್ಲಿ ಯಾರಿಗೂ ತಿಳಿಯದಂತೆ ಮೂರ್ತಿಗಳನ್ನು ನಿಲ್ಲಿಸುತ್ತ ಹೋದರು. ವರ್ಷಗಳ ಮೇಲೆ ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ನೆಲಸಮವಾಗಬೇಕಿದ್ದ ಅದು 1976ರಲ್ಲಿ ರಾಕ್ ಗಾರ್ಡನ್ ಎಂದು ಸಾರ್ವಜನಿಕರಿಗೆ ತೆರೆಯಿತು. 1984ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಮನೆಯ ಮಟ್ಟಿಗೆ ಒಂದು ಹಳೆಯ ಸ್ಟೂಲಿನ ಮೇಲ್ಮೈ ಇದಕ್ಕೆ ಸಾಕು. ಟೈಲ್ಸನ್ನು ಗೋಣಿಚೀಲದೊಳಗೆ ಹಾಕಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಬೇಕು. ಕಾರ್ಖಾನೆಯ ನುಣುಪು ಅಂಚು ಇರುವ ಚೂರುಗಳನ್ನು ಆರಿಸಿ ಸ್ಟೂಲಿನ ಹೊರ ಅಂಚಿಗೆ, ಒರಟು ಚೂರುಗಳನ್ನು ನಡುವೆ ಜೋಡಿಸಬೇಕು. ಅಂಟಿಸುವ ಮುಂಚೆ ಒಮ್ಮೆ ಒಣಗಾಗಿ ಜೋಡಿಸಿ ನೋಡಿದರೆ ಆಮೇಲೆ ಪೇಚಾಟವಿಲ್ಲ. ಚೂರುಗಳ ನಡುವೆ ಎರಡು ಮೂರು ಮಿಲಿಮೀಟರ್ ಸಂದು ಇರಲಿ. ಟೈಲ್ಸ್ ಅಂಟಿನಿಂದ ಕೂರಿಸಿ ಒಂದು ದಿನ ಬಿಟ್ಟು, ಸಂದುಗಳಿಗೆ ಗ್ರೌಟ್ ತುಂಬಿ, ಅದು ಪೂರ್ತಿ ಗಟ್ಟಿಯಾಗುವ ಮುಂಚೆ ಒದ್ದೆ ಸ್ಪಂಜಿನಿಂದ ಒರೆಸಬೇಕು.

ಮರದ ವಿಷಯಕ್ಕೆ ಬಂದರೆ ಹಳೆಯ ಮನೆ ಕೆಡವಿದಾಗ ಸಿಗುವ ಬಾಗಿಲುವಾಡ, ಕಿಟಕಿ, ಕಂಬಗಳೇ ಎಲ್ಲಕ್ಕಿಂತ ಬೆಲೆಬಾಳುವ ಸರಕು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋದವರಿಗೆ, ಬಿಚ್ಚಿ ತಂದ ಹಳೆಯ ಮನೆಗಳು ಮತ್ತೆ ಎದ್ದು ನಿಂತದ್ದನ್ನು ನೋಡಿ ಇದರ ಬೆಲೆ ತಿಳಿದಿರುತ್ತದೆ. ಹಲಸು, ತೇಗದ ಹಲಗೆ ಮಾಗಿ ಮಾಗಿ ಇನ್ನು ಸೊಟ್ಟಗಾಗುವುದಿಲ್ಲ ಎಂಬ ಹಂತಕ್ಕೆ ಬಂದಿರುತ್ತದೆ. ಕಿಟಕಿಯ ಒಂದು ಪಡಿಯೇ ಕನ್ನಡಿಯ ಚೌಕಟ್ಟಾಗಬಲ್ಲದು, ಬಾಗಿಲು ಊಟದ ಮೇಜಾಗಬಲ್ಲದು. ಆದರೆ ಉಪ್ಪುಕಾಗದ ಹಿಡಿದು ಉಜ್ಜಲು ಕೂರುವ ಮುಂಚೆ ಅದರ ಬಣ್ಣವನ್ನು ನೋಡಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಎನಾಮೆಲ್ ಬಣ್ಣದಲ್ಲಿ ಸೀಸ ಇದ್ದೀತು. ಒಣ ಉಜ್ಜಿದರೆ ಆ ದೂಳು ಮಕ್ಕಳ ಕೈಬಾಯಿಗೆ ಹೋಗುತ್ತದೆ, ಅವರ ಮೆದುಳಿನ ಬೆಳವಣಿಗೆಗೇ ಪೆಟ್ಟು. ಹಳೆಯ ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಅದರ ಮೇಲೆಯೇ ಹೊಸ ಬಣ್ಣ ಹಚ್ಚಿ ಮುಚ್ಚುವುದು ಮೇಲು. ಕಿತ್ತು ಬರುತ್ತಿದ್ದರೆ ಒದ್ದೆ ಮಾಡಿಕೊಂಡು ಹೊರಗಡೆ ಕೆರೆಯಬೇಕು, ಮುಖಕ್ಕೆ ಮಾಸ್ಕ್ ಇರಬೇಕು. ಕಾರ್ಖಾನೆಗಳಿಂದ ಬರುವ ಪ್ಯಾಲೆಟ್ ಹಲಗೆಗಳಲ್ಲೂ ಒಂದು ಮುದ್ರೆ ಇರುತ್ತದೆ: ‘ಎಚ್‌ಟಿ’ ಎಂದಿದ್ದರೆ ಬಿಸಿಯಿಂದ ಹುಳ ಕೊಂದ ಮರ, ಬಳಸಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷಾನಿಲ ಹಾಯಿಸಿದ್ದು, ಮನೆಯೊಳಗೆ ಬೇಡ.

ಹಳೆಯ ಮೈಸೂರು ಸೀಮೆಯವರಿಗೆ ಇದೆಲ್ಲ ತೀರ ಹೊಸದೇನಲ್ಲ. ನವರಾತ್ರಿಯ ಗೊಂಬೆ ಕೂರಿಸುವ ಮೆಟ್ಟಿಲುಗಳ ಒಳಗೆ ಇಣುಕಿದರೆ ಕಬ್ಬಿಣದ ಟ್ರಂಕು, ಅಕ್ಕಿ ಡಬ್ಬ, ಹಲಗೆ, ಬೆಂಚು, ಹಳೆಯ ಪುಸ್ತಕದ ಕಟ್ಟು ಎಲ್ಲ ಸಿಗುತ್ತವೆ. ಮೇಲೆ ಹಾಸಿದ ಬಿಳಿ ಪಂಚೆ ಅದನ್ನೆಲ್ಲ ಮರೆಸಿ ಒಂದೇ ರಚನೆಯಾಗಿ ತೋರಿಸುತ್ತದೆ. ಪಕ್ಕದಲ್ಲಿ ತಟ್ಟೆಗೆ ಮಣ್ಣು ಹಾಕಿ ರಾಗಿ ಮೊಳಕೆ ಬರಿಸಿ ಮಾಡಿದ ಪಾರ್ಕು. ಹಬ್ಬ ಮುಗಿದ ಮೇಲೆ ಟ್ರಂಕು ಮಂಚದ ಕೆಳಕ್ಕೆ, ಡಬ್ಬ ಅಡುಗೆಮನೆಗೆ, ಪಂಚೆ ಬೀರುವಿಗೆ. ಅಂಟು ಬಳಸಿಲ್ಲ, ಮೊಳೆ ಹೊಡೆದಿಲ್ಲ, ಒಂದು ವಸ್ತುವೂ ಕೆಟ್ಟಿಲ್ಲ. ಅಲಂಕಾರವನ್ನು ಹೀಗೆ ತಾತ್ಕಾಲಿಕವಾಗಿ ಕಟ್ಟಿ ಬಿಚ್ಚುವ ಉಪಾಯ ಬಾಡಿಗೆ ಮನೆಯವರಿಗೆ ಹೇಳಿ ಮಾಡಿಸಿದಂತಿದೆ.

ಹೊಸದಾಗಿ ಶುರು ಮಾಡುವವರಿಗೆ ಒಂದು ಕುಶನ್ ಕವರಿನಿಂದ ಆರಂಭಿಸುವುದು ಅನುಕೂಲ. ಹದಿನೆಂಟು ಇಂಚು ಚೌಕದ ಎರಡು ಹತ್ತಿ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಕವಂದಿಯ ಕ್ರಮದಲ್ಲಿ ಮೂಲೆಯಿಂದ ತೇಪೆಗಳನ್ನು ಕೂರಿಸುತ್ತ ನಡುವಿಗೆ ಬರಬೇಕು. ತುಂಡುಗಳನ್ನು ಮೊದಲೇ ಅಳೆದು ಜೋಡಿಸುವ ರಗಳೆ ಈ ಕ್ರಮದಲ್ಲಿಲ್ಲ, ಹೊಲಿಗೆಯಂತ್ರವೂ ಬೇಡ. ಹೊಸ ಬಟ್ಟೆ ಸೇರಿಸುವುದಾದರೆ ಅದನ್ನು ಮೊದಲೇ ಒಗೆದು ಒಣಗಿಸಿಕೊಳ್ಳಬೇಕು, ಹಳೆಯದು ಕುಗ್ಗಿ ಮುಗಿದಿರುತ್ತದೆ, ಹೊಸದು ಇನ್ನೂ ಕುಗ್ಗಬೇಕಿರುತ್ತದೆ. ಬಣ್ಣ ಬಿಡುವ ಗುಮಾನಿಯಿರುವ ಕೆಂಪು, ಕಡುನೀಲಿ ಬಟ್ಟೆಗಳನ್ನು ಒದ್ದೆಯ ಬಿಳಿ ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಒತ್ತಿ ನೋಡಿದರೆ ಗೊತ್ತಾಗುತ್ತದೆ. ದಾರ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ದಾರ ಬಟ್ಟೆಗಿಂತ ಗಟ್ಟಿಯಾಗಿದ್ದು, ಎಳೆದಾಗ ಸವೆದ ಸೀರೆಯನ್ನೇ ಕೊಯ್ಯುತ್ತದೆ. ಹತ್ತಿ ದಾರವಾದರೆ ಮೊದಲು ತಾನೇ ಹರಿಯುತ್ತದೆ, ಅಷ್ಟು ಜಾಗಕ್ಕೆ ಮತ್ತೊಂದು ಹೊಲಿಗೆ ಹಾಕಿದರೆ ಆಯಿತು.